ಧರ್ಮೋಪದೇಶಕಾಂಡ 28: ಶಾಪದ ಅಧ್ಯಾಯವನ್ನು ಓದಿ ಅರ್ಥ ಮಾಡಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಹೊಸ ವರ್ಷಕ್ಕೆ ಸಭೆಗಳಲ್ಲಿ ಹಂಚುವ ವಾಗ್ದಾನದ ಕಾರ್ಡುಗಳಲ್ಲಿ ಬೈಬಲಿನ ಧರ್ಮೋಪದೇಶಕಾಂಡ 28:13 ಆಗಾಗ ಕಾಣುತ್ತದೆ. ದೇವರು ನಿನ್ನನ್ನು ತಲೆಯಾಗಿ ಮಾಡುತ್ತಾನೆ, ಬಾಲವಾಗಿ ಅಲ್ಲ ಅನ್ನುವ ಮಾತು. ಕ್ಯಾಲೆಂಡರಿನಲ್ಲಿ, ಬೀರು ಬಾಗಿಲ ಮೇಲೆ, ಆಟೋ ಗಾಜಿನ ಮೇಲೆ ನೀವೂ ನೋಡಿರಬಹುದು. ಅದೇ ಅಧ್ಯಾಯದ 44ನೇ ವಚನವನ್ನು ಮಾತ್ರ ಯಾರೂ ಕಾರ್ಡಿಗೆ ಹಾಕಿಸುವುದಿಲ್ಲ. ಅಲ್ಲಿ ನಿನ್ನ ಊರಿಗೆ ಬಂದು ನೆಲೆಸಿದ ಪರದೇಶಿಯವನು ತಲೆಯಾಗುತ್ತಾನೆ, ನೀನು ಬಾಲವಾಗುತ್ತೀಯ.

ಈ ಅಧ್ಯಾಯದಲ್ಲಿ 68 ವಚನಗಳಿವೆ. ಮೊದಲ 14 ಆಶೀರ್ವಾದ. ಉಳಿದ 54 ಶಾಪ. ರೋಗ, ಬರ, ಸೋಲು, ಸಾಲ, ಮುತ್ತಿಗೆ, ಹಸಿವು, ಸೆರೆ. ಹಸಿವಿನ ಭಾಗವಂತೂ ಓದಲಿಕ್ಕೇ ಆಗುವುದಿಲ್ಲ, ಅಷ್ಟು ಘೋರ. ವರ್ಷದಲ್ಲಿ ಸತ್ಯವೇದ ಪೂರ್ತಿ ಓದುತ್ತೇನೆ ಅಂತ ಹೊರಟವರು ಇಲ್ಲಿ ಪುಟ ಬೇಗ ತಿರುಗಿಸುತ್ತಾರೆ. ಪ್ರಸಂಗ ಮಾಡುವವರಲ್ಲಿ ಕೆಲವರು ಇದನ್ನು ಮುಟ್ಟುವುದೇ ಇಲ್ಲ, ಇನ್ನು ಕೆಲವರು ಇದನ್ನೇ ಹಿಡಿದು ಜನರನ್ನು ಹೆದರಿಸುತ್ತಾರೆ. "ನಿಮ್ಮ ಮನೆಗೆ ಶಾಪ ಇದೆ" ಅಂತ ಯಾರಿಂದಲೋ ಕೇಳಿಸಿಕೊಂಡು ನಿದ್ದೆಗೆಟ್ಟವರೂ ಇದ್ದಾರೆ. ಅವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಮುಂದೆ ನಡೆಯಬೇಕಾದವರಿಗೆ ಮುಂಚೆಯೇ ಹೇಳಿದ ಎಚ್ಚರಿಕೆ. ಆಗಿಹೋದ ಕಷ್ಟ ಒಂದನ್ನು ನೋಡಿ, "ಇದು ಯಾವ ಪಾಪಕ್ಕೆ?" ಅಂತ ಇನ್ನೊಬ್ಬರ ಲೆಕ್ಕ ತೆಗೆಯಲು ಕೊಟ್ಟ ಪಟ್ಟಿ ಅಲ್ಲ. ಮುಂದಕ್ಕೆ ಓದಬೇಕಾದದ್ದನ್ನು ಹಿಂದಕ್ಕೆ ಓದಿದಾಗಲೇ ಹೆಚ್ಚಿನ ಅನಾಹುತ ಆಗುವುದು. ಹೇಗೆ ಅಂತ ಒಂದೊಂದೇ ಹೆಜ್ಜೆಯಲ್ಲಿ ನೋಡೋಣ.

ಹೆಜ್ಜೆ 1: 27ರಿಂದ 30ನೇ ಅಧ್ಯಾಯದ ತನಕ ಒಂದೇ ಸಲಕ್ಕೆ ಓದಿ

28ನ್ನು ಒಂಟಿಯಾಗಿ ಓದಬೇಡಿ. 27ರಿಂದ ಶುರು ಮಾಡಿ 30 ಮುಗಿಯುವ ತನಕ ಜೋರಾಗಿ ಓದಿ. ಒಟ್ಟು 143 ವಚನ, ಹೆಚ್ಚೆಂದರೆ ಅರ್ಧ ಗಂಟೆ. ಇದು ಇಸ್ರಾಯೇಲ್ ಜನರನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಕರೆತಂದ ಮೋಶೆ ಮೋವಾಬಿನ ಬಯಲಿನಲ್ಲಿ, ಯೊರ್ದನ್ ನದಿ ದಾಟುವ ಮೊದಲು, ಇಡೀ ಜನಾಂಗವನ್ನು ಎದುರಿಗೆ ನಿಲ್ಲಿಸಿಕೊಂಡು ಆಡುವ ಮಾತು. ಕಿವಿಗೆ ಬೀಳಲೆಂದೇ ಕಟ್ಟಿದ ಮಾತು. ಹಾಗಾಗಿ ಕಣ್ಣಲ್ಲಿ ಓದಿದರೆ ಅರ್ಧ ಸಿಗುತ್ತದೆ ಅಷ್ಟೆ.

28ನೇ ಅಧ್ಯಾಯ ನಿಲ್ಲುವ ಜಾಗ ನೋಡಿ. ಹಡಗಿನಲ್ಲಿ ಐಗುಪ್ತಕ್ಕೆ ವಾಪಸ್ ಹೋಗುತ್ತೀರಿ, ಅಲ್ಲಿ ನಿಮ್ಮನ್ನು ನೀವೇ ಗುಲಾಮರಾಗಿ ಮಾರಿಕೊಳ್ಳಲು ನಿಲ್ಲುತ್ತೀರಿ, ಕೊಳ್ಳುವವರೂ ಇರುವುದಿಲ್ಲ. ಐಗುಪ್ತದಿಂದ ಬಿಡುಗಡೆಯಾಗಿ ಬಂದ ಜನರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಇಲ್ಲಿಗೇ ಪುಸ್ತಕ ಮುಚ್ಚಿದರೆ ಎದೆ ಒಡೆದುಹೋಗುತ್ತದೆ. ಆದರೆ ಮೋಶೆಯ ಮಾತು ಇನ್ನೂ ಮುಗಿದಿಲ್ಲ. 30ನೇ ಅಧ್ಯಾಯಕ್ಕೆ ಬಂದಾಗ, ಈ ಆಶೀರ್ವಾದ, ಶಾಪ ಎಲ್ಲ ನಿಮ್ಮ ಮೇಲೆ ಬಂದ ಮೇಲೆ, ನೀವು ದೂರ ದೇಶದಲ್ಲಿ ನೆನಪು ಮಾಡಿಕೊಂಡು ತಿರುಗಿಕೊಂಡರೆ, ಆಕಾಶದ ಕೊನೆಗೆ ಚದರಿಹೋಗಿದ್ದರೂ ದೇವರು ಕೂಡಿಸಿ ತರುತ್ತಾನೆ ಅನ್ನುತ್ತಾನೆ. ಶಾಪ ಕಥೆಯ ಕೊನೆಯಲ್ಲ ಅನ್ನುವುದು ಆಗ ಗೊತ್ತಾಗುತ್ತದೆ.

ಹೆಜ್ಜೆ 2: ಪೆನ್ಸಿಲ್ ಹಿಡಿದು ಜೋಡಿಗಳನ್ನು ಗುರುತು ಮಾಡಿ

ಇದು ಸುಮ್ನೆ ಕೋಪದಲ್ಲಿ ಒದರಿದ ಮಾತಲ್ಲ ಅನ್ನುವುದು ಪೆನ್ಸಿಲ್ ಹಿಡಿದಾಗ ಗೊತ್ತಾಗುತ್ತದೆ. 3ರಿಂದ 6ನೇ ವಚನದ ತನಕ ಬರುವ ಆಶೀರ್ವಾದಗಳನ್ನು 16ರಿಂದ 19ರ ಶಾಪಗಳ ಪಕ್ಕಕ್ಕಿಟ್ಟು ನೋಡಿ. ಊರು, ಹೊಲ, ಬುಟ್ಟಿ, ಹಿಟ್ಟು ನಾದುವ ಪಾತ್ರೆ, ಹೆತ್ತ ಮಕ್ಕಳು, ದನಕುರಿಗಳು, ಒಳಗೆ ಬರುವುದು, ಹೊರಗೆ ಹೋಗುವುದು. ಎರಡೂ ಕಡೆ ಹೆಚ್ಚುಕಡಿಮೆ ಅದೇ ಪಟ್ಟಿ. 7ರಲ್ಲಿ ಶತ್ರುಗಳು ಒಂದು ದಾರಿಯಲ್ಲಿ ಬಂದು ಏಳು ದಾರಿಯಲ್ಲಿ ಓಡುತ್ತಾರೆ. 25ರಲ್ಲಿ ಏಳು ದಾರಿಯಲ್ಲಿ ಓಡುವವರು ನೀವೇ. 12ರಲ್ಲಿ ಆಕಾಶದ ಉಗ್ರಾಣ ತೆರೆದು ಮಳೆ ಸುರಿಯುತ್ತದೆ. 23 ಮತ್ತು 24ರಲ್ಲಿ ತಲೆ ಮೇಲಿನ ಆಕಾಶ ತಾಮ್ರವಾಗುತ್ತದೆ, ಕಾಲಡಿಯ ನೆಲ ಕಬ್ಬಿಣವಾಗುತ್ತದೆ, ಮಳೆಯ ಬದಲು ಧೂಳು ಬೀಳುತ್ತದೆ. 12ರಲ್ಲಿ ಸಾಲ ಕೊಡುವವರು ನೀವು, 44ರಲ್ಲಿ ಕೈಯೊಡ್ಡುವವರು ನೀವು.

ಅಂದರೆ ಶಾಪ ಅಂತ ಬೇರೊಂದು ಭಯಂಕರ ವಸ್ತು ಎಲ್ಲಿಂದಲೋ ಬರುವುದಿಲ್ಲ. ಕೊಟ್ಟಿದ್ದೇ ತಿರುಗುಮುರುಗಾಗುತ್ತದೆ.

ಆದರೆ 45 ದಾಟಿದ ಮೇಲೆ ಈ ಜೋಡಿ ತಪ್ಪುತ್ತದೆ. ಆಮೇಲೆ ಬರುವುದು ಮುತ್ತಿಗೆಯ ವಿವರ. ಭಾಷೆ ಗೊತ್ತಿಲ್ಲದ ದೂರದ ಜನಾಂಗ, ಮುದುಕರ ಮುಖ ನೋಡದ, ಮಗು ಅಂತ ಕನಿಕರಪಡದ ಸೈನ್ಯ, ನೀವು ನಂಬಿಕೊಂಡಿದ್ದ ಎತ್ತರದ ಗೋಡೆಗಳು ಕುಸಿಯುವುದು. 56ರಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಎಷ್ಟು ಸುಖವಾಗಿ ಬೆಳೆದವಳು ಅಂದರೆ ಅಂಗಾಲನ್ನು ನೆಲಕ್ಕೆ ತಾಗಿಸಿದವಳಲ್ಲ. ಅವಳು ತಾನು ಹೆತ್ತ ಕೂಸನ್ನೇ ಗಂಡನಿಗೂ ಕಾಣದಂತೆ ಕದ್ದು ತಿನ್ನುತ್ತಾಳೆ. ಇಲ್ಲಿ ಓಡಬೇಡಿ. ನಿಲ್ಲಿ. ಇಷ್ಟು ವಿವರವಾಗಿ ಯಾಕೆ ಬರೆದಿದ್ದಾರೆ ಅನ್ನುವ ಪ್ರಶ್ನೆಯನ್ನು ಬದಿಯಲ್ಲಿ ಬರೆದಿಟ್ಟುಕೊಳ್ಳಿ. ಐದನೇ ಹೆಜ್ಜೆಯಲ್ಲಿ ಅದು ಬೇಕಾಗುತ್ತದೆ.

ಹೆಜ್ಜೆ 3: ಇದು ಯಾವ ಬಗೆಯ ಪತ್ರ ಅನ್ನುವುದನ್ನು ತಿಳಿದುಕೊಳ್ಳಿ

ಕನ್ನಡಿಗರಿಗೆ ಇದು ಹೊಸದಲ್ಲ. ನಮ್ಮೂರ ದೇವಸ್ಥಾನದ ಮುಂದೆ ನಿಂತಿರುವ ಶಾಸನಕಲ್ಲಿನ ಕೊನೆಯ ಸಾಲುಗಳನ್ನು ನೆನಪು ಮಾಡಿಕೊಳ್ಳಿ. ಮೊದಲು ರಾಜನ ಹೊಗಳಿಕೆ, ಆಮೇಲೆ ದಾನದ ವಿವರ, ಗದ್ದೆಯ ಗಡಿ. ಕೊನೆಗೆ ಶಾಪಾಶಯ. ಇದನ್ನು ಕಿತ್ತುಕೊಂಡವನು 60,000 ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಸುಮಾರು 5ನೇ ಶತಮಾನದ ಹಲ್ಮಿಡಿ ಶಾಸನದಲ್ಲೂ ದಾನವನ್ನು ಅಳಿದವನಿಗೆ ಮಹಾಪಾತಕ ಅಂತ ಇದೆ. ಈ ಮಾತು ಪತ್ರಕ್ಕೆ ಹಾಕಿದ ಬೀಗ. ಕೋರ್ಟು ಪೊಲೀಸು ಕೈಗೆಟುಕದ ಕಡೆ ದೇವರನ್ನೇ ಕಾವಲಿಗೆ ನಿಲ್ಲಿಸುವುದು. ಊರಿನಲ್ಲಿ ಯಾರಿಗೋ ಹೊಟ್ಟೆನೋವು ಬಂದರೆ, ಶಾಸನ ಓದಿಕೊಂಡು ಬಂದು "ಇವನೇ ದೇವಸ್ಥಾನದ ಗದ್ದೆ ಹೊಡೆದವನು" ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಧರ್ಮೋಪದೇಶಕಾಂಡದಲ್ಲೂ ಕಲ್ಲು ಬರುತ್ತದೆ. 27ರಲ್ಲಿ ದೊಡ್ಡ ಕಲ್ಲುಗಳನ್ನು ನಿಲ್ಲಿಸಿ, ಸುಣ್ಣ ಬಳಿದು, ಧರ್ಮಶಾಸ್ತ್ರದ ಮಾತುಗಳನ್ನು ಸ್ಪಷ್ಟವಾಗಿ ಬರೆಯಿರಿ ಅಂತ ಅಪ್ಪಣೆ ಇದೆ. ಆರು ಕುಲಗಳು ಗೆರಿಜೀಮ್ ಬೆಟ್ಟದ ಮೇಲೆ, ಆರು ಏಬಾಲ್ ಬೆಟ್ಟದ ಮೇಲೆ ನಿಲ್ಲಬೇಕು. ಈ ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲೇ ಇವತ್ತಿನ ನಾಬ್ಲುಸ್ ಪಟ್ಟಣ ಇದೆ. ಸಮಾರ್ಯದವರ ಒಂದು ಸಣ್ಣ ಸಮುದಾಯ ಗೆರಿಜೀಮ್ ಮೇಲೆ ಈಗಲೂ ಪಸ್ಕ, ಅಂದರೆ ಐಗುಪ್ತದ ಬಿಡುಗಡೆಯ ನೆನಪಿನ ಹಬ್ಬ, ಆಚರಿಸುತ್ತದೆ.

ಆ ಕಾಲದ ಸುತ್ತಲಿನ ರಾಜ್ಯಗಳಲ್ಲಿ ಇಂಥ ಪತ್ರಗಳ ರೂಢಿ ಇತ್ತು. ಈಗಿನ ಟರ್ಕಿಯಲ್ಲಿ ಆಳಿದ ಹಿತ್ತಿಯರ ದೊರೆಗಳು ಅಧೀನ ಅರಸರ ಜೊತೆ ಮಾಡಿಕೊಂಡ ಒಪ್ಪಂದಗಳಲ್ಲಿ ಆಶೀರ್ವಾದವೂ ಶಾಪವೂ ಇವೆ. ಇನ್ನೂ ಹತ್ತಿರದ ಉದಾಹರಣೆ ಈಗಿನ ಇರಾಕಿನಲ್ಲಿದ್ದ ಅಶ್ಶೂರ ಸಾಮ್ರಾಜ್ಯದ್ದು. ಕ್ರಿ.ಪೂ. 672ರಲ್ಲಿ ಅಲ್ಲಿನ ಅರಸ ಏಸರ್‌ಹದ್ದೋನ್ ತನ್ನ ಮಗ ಅಶುರ್ಬನಿಪಾಲನನ್ನು ಉತ್ತರಾಧಿಕಾರಿ ಅಂತ ಒಪ್ಪಿಕೊಳ್ಳುವಂತೆ ಅಧೀನರಿಂದ ಪ್ರಮಾಣ ಮಾಡಿಸಿದ. ಆ ಪ್ರಮಾಣಪತ್ರದ ಮಣ್ಣಿನ ಫಲಕಗಳು ಇರಾಕಿನ ನಿಮ್ರೂದ್‌ನಲ್ಲಿ 1955ರಲ್ಲಿ ಸಿಕ್ಕವು. 2009ರಲ್ಲಿ ಟರ್ಕಿಯ ತೆಲ್ ತಯಿನಾತ್‌ನ ಒಂದು ಗುಡಿಯಲ್ಲಿ ಇನ್ನೊಂದು ಪ್ರತಿ ಸಿಕ್ಕಿತು. ಅದರಲ್ಲೂ ನೆಲ ಕಬ್ಬಿಣವಾಗುತ್ತದೆ, ಲೋಹದ ಆಕಾಶದಿಂದ ಮಳೆ ಬೀಳುವುದಿಲ್ಲ. ಚರ್ಮರೋಗ, ಕುರುಡು, ಹೆಂಡತಿ ಪರರ ಪಾಲಾಗುವುದು, ಹಸಿವಿಗೆ ಮಕ್ಕಳನ್ನೇ ತಿನ್ನುವುದು, ಎಲ್ಲ ಇದೆ. ಯೆಹೂದದ ಅರಸ ಮನಸ್ಸೆಯ ಹೆಸರು ಏಸರ್‌ಹದ್ದೋನನ ಅಧೀನರ ಪಟ್ಟಿಯಲ್ಲೇ ಸಿಗುತ್ತದೆ. ಅಂದಮೇಲೆ ಯೆಹೂದದ ರಾಜಧಾನಿ ಯೆರೂಸಲೇಮಿನವರಿಗೆ ಈ ಧಾಟಿಯ ಮಾತು ಗೊತ್ತಿರದೆ ಇರುತ್ತದೆಯೇ? ಒಂದನ್ನು ನೋಡಿಕೊಂಡು ಇನ್ನೊಂದು ಬರೆದದ್ದೋ, ಎರಡೂ ಒಂದೇ ಹಳೆಯ ರೂಢಿಯಿಂದ ಬಂದದ್ದೋ ಅಂತ ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಆಡಲಿ. ನಮಗೆ ಬೇಕಾದದ್ದು ಇಷ್ಟು: ಕೇಳಿದವರಿಗೆ ಇದು ಪ್ರಮಾಣಪತ್ರದ ಭಾಷೆ ಅಂತ ಕೇಳಿದ ಕೂಡಲೇ ಗೊತ್ತಾಗುತ್ತಿತ್ತು.

ವ್ಯತ್ಯಾಸವೂ ಒಂದಿದೆ, ಅದು ದೊಡ್ಡದು. ಅಶ್ಶೂರದ ಪತ್ರ ಒಬ್ಬ ದೊರೆಯ ಸಿಂಹಾಸನ ಉಳಿಸಲು ಬರೆದದ್ದು. ಇಲ್ಲಿ ಮನುಷ್ಯ ದೊರೆಗೆ ಯಾವ ರಕ್ಷಣೆಯೂ ಇಲ್ಲ. 36ನೇ ವಚನದಲ್ಲಿ ನೀವು ನೇಮಿಸಿಕೊಂಡ ಅರಸನೂ ನಿಮ್ಮ ಜೊತೆಗೇ ಸೆರೆ ಹೋಗುತ್ತಾನೆ.

ಹೆಜ್ಜೆ 4: ಅವಿಧೇಯತೆ ಅಂದರೆ ಏನು ಅಂತ ಅದೇ ಪುಟದಲ್ಲಿ ಹುಡುಕಿ

ಎಡವುವವರು ಜಾಸ್ತಿ ಎಡವುವುದು ಇಲ್ಲೇ. "ದೇವರ ಮಾತು ಕೇಳದಿದ್ದರೆ" ಅಂತ ಓದುತ್ತೇವೆ. ಆಮೇಲೆ ದೇವರ ಮಾತು ಯಾವುದು ಅನ್ನುವುದನ್ನು ನಮಗೆ ಬೇಕಾದಂತೆ ತುಂಬಿಕೊಳ್ಳುತ್ತೇವೆ. ಕೂಟಕ್ಕೆ ಬರದಿದ್ದದ್ದು, ಪಾಸ್ಟರ್ ಮಾತು ಮೀರಿದ್ದು, ಮನೆಯವರು ಒಪ್ಪದ ಮದುವೆ ಆದದ್ದು. ಪಠ್ಯ ಏನು ಹೇಳುತ್ತದೆ?

27:15ರಿಂದ 26ರ ತನಕ ಹನ್ನೆರಡು ಶಾಪಗಳಿವೆ. ದೇವರ ಸೇವೆಗೆ ನೇಮಕವಾದ ಕುಲದ ಲೇವಿಯರು ಒಂದೊಂದನ್ನೇ ಕೂಗುತ್ತಾರೆ, ಜನ ಒಂದೊಂದಕ್ಕೂ "ಆಮೆನ್" ಅನ್ನುತ್ತಾರೆ. ಗುಟ್ಟಾಗಿ ವಿಗ್ರಹ ಇಟ್ಟುಕೊಂಡವನು. ತಂದೆತಾಯಿಯನ್ನು ಅವಮಾನ ಮಾಡಿದವನು. ನೆರೆಯವನ ಗಡಿಕಲ್ಲು ಸರಿಸಿದವನು. ಕುರುಡನಿಗೆ ದಾರಿ ತಪ್ಪಿಸಿದವನು. ಪರದೇಶಿ, ಅನಾಥ, ವಿಧವೆಯ ನ್ಯಾಯ ಕೆಡಿಸಿದವನು. ಮನೆಯೊಳಗೇ ಲೈಂಗಿಕ ದ್ರೋಹ ಮಾಡಿದವನು. ಮರೆಯಲ್ಲಿ ಹೊಡೆದು ಕೊಂದವನು. ಲಂಚ ತಿಂದು ನಿರಪರಾಧಿಯ ಪ್ರಾಣ ತೆಗೆದವನು.

ಈ ಪಟ್ಟಿಯಲ್ಲಿ ಒಂದು ಸಂಗತಿ ಗಮನಿಸಿ. ಇವುಗಳಲ್ಲಿ ಹೆಚ್ಚಿನವು ಯಾರಿಗೂ ಗೊತ್ತಾಗದ ಹಾಗೆ ಮಾಡುವ ಕೆಲಸಗಳು. ರಾತ್ರೋರಾತ್ರಿ ಬದು ಒತ್ತುವವನನ್ನು ಕಂಡವರು ಯಾರು? ತನಗೆ ದಾರಿ ತಪ್ಪಿಸಿದವನು ಯಾರು ಅಂತ ಕುರುಡ ಹೇಗೆ ತೋರಿಸುತ್ತಾನೆ? ಸಾಕ್ಷಿ ಸಿಗದ ಪಾಪಗಳಿಗೇ ಶಾಪ ಇಟ್ಟಿದ್ದಾರೆ. ಅದರಿಂದ ಕಾಪಾಡಬೇಕಾದವರೂ ಬಾಯಿಲ್ಲದವರೇ. ಈ ಮಾತು ಮೊದಲು ಬಲ ಇದ್ದವನ ಕಡೆ ತಿರುಗಿದೆ. ಅದನ್ನು ಕಷ್ಟದಲ್ಲಿ ಬಿದ್ದ ವಿಧವೆಯ ಕಡೆ ತಿರುಗಿಸಿದರೆ ಪಠ್ಯವನ್ನೇ ತಲೆಕೆಳಗು ಮಾಡಿದ ಹಾಗೆ.

28ರೊಳಗೆ ಇನ್ನೊಂದು ಕಾರಣ ಸಿಗುತ್ತದೆ, 47ನೇ ವಚನದಲ್ಲಿ. ಎಲ್ಲ ಸಮೃದ್ಧವಾಗಿದ್ದಾಗ ಸಂತೋಷದಿಂದ, ಹರ್ಷಹೃದಯದಿಂದ ದೇವರನ್ನು ಸೇವಿಸದೆ ಹೋದದ್ದು. ಅಂದರೆ ತಪ್ಪು ಶುರುವಾಗುವುದು ಹೊಟ್ಟೆ ತುಂಬಿದ ದಿನಗಳಲ್ಲಿ. ನನಗೆ ಈ ಇಡೀ ಅಧ್ಯಾಯದಲ್ಲಿ ಚುಚ್ಚುವ ವಚನ ಇದೇ.

ಹೆಜ್ಜೆ 5: ಇತಿಹಾಸದ ಜೊತೆ ಇಟ್ಟು ಓದಿ

ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರದವರು ಸಮಾರ್ಯವನ್ನು ಹಿಡಿದರು. ಇಸ್ರಾಯೇಲ್ ಅನ್ನುವ ಉತ್ತರದ ರಾಜ್ಯ ಮುಗಿಯಿತು, ದಕ್ಷಿಣದ ಯೆಹೂದ ಉಳಿಯಿತು. ಸುಮಾರು ನೂರು ವರ್ಷದ ಮೇಲೆ, ಕ್ರಿ.ಪೂ. 622ರ ಸುಮಾರಿಗೆ, ಯೆರೂಸಲೇಮಿನ ದೇವಾಲಯ ರಿಪೇರಿ ಮಾಡುವಾಗ ಮಹಾಯಾಜಕ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಲೇಖಕ ಶಾಫಾನ ಅದನ್ನು ಅರಸ ಯೋಷೀಯನ ಮುಂದೆ ಓದಿದ. ಅರಸ ಬಟ್ಟೆ ಹರಿದುಕೊಂಡ. ಆ ಗ್ರಂಥ ಧರ್ಮೋಪದೇಶಕಾಂಡದ್ದೇ ಒಂದು ರೂಪ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಅವನು ಕೇಳಿದ್ದು ಈ ಶಾಪಗಳನ್ನೇ ಇದ್ದರೆ ಬಟ್ಟೆ ಹರಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಯೋಷೀಯ ಮಾಡಿದ್ದನ್ನು ಸ್ವಲ್ಪ ಹತ್ತಿರದಿಂದ ನೋಡಿ, 2 ಅರಸುಗಳು 22 ಮತ್ತು 23ರಲ್ಲಿದೆ. ಇದು ಯಾರ ಪಾಪ ಅಂತ ಅವನು ವಿಚಾರಣೆ ಕಮಿಟಿ ಮಾಡಲಿಲ್ಲ. ಪ್ರವಾದಿನಿ ಹುಲ್ದಳ ಹತ್ತಿರ ಕೇಳಿಸಿದ. ಜನರನ್ನೆಲ್ಲ ಸೇರಿಸಿ ಗ್ರಂಥವನ್ನು ಓದಿ ಕೇಳಿಸಿದ. ತಾನೇ ಮೊದಲು ನಿಂತು ಒಡಂಬಡಿಕೆ ಮಾಡಿದ. ಎಚ್ಚರಿಕೆಯನ್ನು ಮುಂದಕ್ಕೆ ಓದುವುದು ಅಂದರೆ ಇದು.

ಆದರೆ ಕಥೆ ಸಲೀಸಾಗಿ ಮುಗಿಯುವುದಿಲ್ಲ. ಅವನಂಥ ಅರಸ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ ಅಂತ ಹೊಗಳಿದ ಅಧ್ಯಾಯದಲ್ಲೇ ಅವನು ಮೆಗಿದ್ದೋವಿನಲ್ಲಿ ಫರೋಹ ನೆಕೋವಿನ ಕೈಯಲ್ಲಿ ಸಾಯುತ್ತಾನೆ. ಅದು ಕ್ರಿ.ಪೂ. 609. ಅರಸುಗಳು ಪುಸ್ತಕ ಬರೆದವನು "ವಿಧೇಯನಿಗೆ ಆಶೀರ್ವಾದ" ಅನ್ನುವ ಸೂತ್ರವನ್ನು ಚೆನ್ನಾಗಿ ಬಲ್ಲವನು. ಆದರೂ ಈ ಸಾವಿಗೆ ಅವನು ಕಾರಣ ಹೇಳುವುದಿಲ್ಲ. ಸುಮ್ಮನೆ ಬರೆದು ಮುಂದಕ್ಕೆ ಹೋಗುತ್ತಾನೆ.

ಆಮೇಲೆ ಬಾಬೆಲಿನವರು ಬಂದರು. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಬಿತ್ತು. ಈಗ ಪ್ರಲಾಪಗಳು 4:10 ತೆರೆಯಿರಿ. ಕರುಣೆಯುಳ್ಳ ಹೆಂಗಸರ ಕೈಗಳೇ ತಮ್ಮ ಮಕ್ಕಳನ್ನು ಬೇಯಿಸಿದವು ಅಂತ ಇದೆ. ಎರಡನೇ ಹೆಜ್ಜೆಯಲ್ಲಿ ಬರೆದಿಟ್ಟ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ. ಮುತ್ತಿಗೆ ಅಂದರೆ ಆ ಕಾಲದಲ್ಲಿ ಇದೇ. ಇದು ಬರೀ ಕಲ್ಪನೆಯ ಭೀತಿ ಅಲ್ಲ. ಸೆರೆಯಲ್ಲಿ ಕೂತು ಧರ್ಮೋಪದೇಶಕಾಂಡ 28 ಓದಿದವರಿಗೆ ಅದು ಬೆದರಿಕೆಯಾಗಿ ಕೇಳಿಸಿರಲಾರದು. ತಮ್ಮ ಮೇಲೆ ಆಗಿಹೋದದ್ದಕ್ಕೆ ಮಾತು ಸಿಕ್ಕ ಹಾಗೆ ಕೇಳಿಸಿರಬೇಕು.

ಹಾಗಾದರೆ ಅವರು ಹಿಂದಕ್ಕೆ ಓದಿದರಲ್ಲ ಅನ್ನಬಹುದು. ಹೌದು, ಓದಿದರು. ಹೇಗೆ ಓದಿದರು ನೋಡಿ. ದಾನಿಯೇಲ 9:11ರಲ್ಲಿ ಮೋಶೆಯ ಧರ್ಮಶಾಸ್ತ್ರದಲ್ಲಿ ಬರೆದ ಶಾಪ "ನಮ್ಮ" ಮೇಲೆ ಸುರಿದಿದೆ, "ನಾವು" ಪಾಪ ಮಾಡಿದೆವು ಅಂತ ಪ್ರಾರ್ಥನೆ ಇದೆ. ದಾನಿಯೇಲ ಬೇಕಾಗಿದ್ದರೆ "ನಮ್ಮ ಅಪ್ಪಂದಿರು ಮಾಡಿದರು, ನಾನಲ್ಲ" ಅನ್ನಬಹುದಿತ್ತು. ಅನ್ನಲಿಲ್ಲ. ಪ್ರಲಾಪಗಳಲ್ಲೂ ತಪ್ಪೊಪ್ಪಿಗೆ "ನಾವು" ಅಂತಲೇ ಬರುತ್ತದೆ. ಜೊತೆಗೆ 2:20ರಲ್ಲಿ ದೇವರಿಗೇ ಎದುರು ಪ್ರಶ್ನೆ ಇದೆ: ನೋಡು, ಯಾರಿಗೆ ಹೀಗೆ ಮಾಡಿದ್ದೀ, ಹೆಂಗಸರು ತಮ್ಮ ಕೂಸುಗಳನ್ನೇ ತಿನ್ನಬೇಕೇ? ತಪ್ಪು ಒಪ್ಪಿಕೊಳ್ಳುವುದೂ ದೇವರ ಜೊತೆ ಜಗಳವಾಡುವುದೂ ಒಂದೇ ಬಾಯಲ್ಲಿ ಬರುತ್ತದೆ, ಯಾರೂ ಅದನ್ನು ತಿದ್ದಿಲ್ಲ.

ನನ್ನ ವಾದಕ್ಕೆ ಎದುರಾಗುವ ಭಾಗವನ್ನೂ ಮುಚ್ಚಿಡುವುದಿಲ್ಲ. 29:24ರಿಂದ ಮುಂದೆ, ಹಾಳುಬಿದ್ದ ದೇಶ ನೋಡಿ ಬೇರೆ ಜನಾಂಗದವರು "ಯಾಕೆ ಹೀಗಾಯಿತು?" ಅನ್ನುತ್ತಾರೆ. ಒಡಂಬಡಿಕೆ ಬಿಟ್ಟದ್ದಕ್ಕೆ ಅನ್ನುವ ಉತ್ತರವೂ ಅಲ್ಲೇ ಇದೆ. ಆದರೆ ಅದು ಪ್ರಮಾಣ ಮಾಡಿದ ಒಂದು ಇಡೀ ಜನಾಂಗದ ಕುರಿತು, ಅದೂ ಅವರಿಗೇ ಮುಂಚಿತವಾಗಿ ಹೇಳಿದ ಮಾತು. ಆಸ್ಪತ್ರೆಯಲ್ಲಿ ಮಲಗಿರುವ ಒಬ್ಬರ ಕುರಿತು ಅಲ್ಲ. ಅದೇ ಅಧ್ಯಾಯದ ಕೊನೆಯ ವಚನವೂ ಗಮನಿಸಿ: ಗುಪ್ತವಾದವು ದೇವರಿಗೆ ಸೇರಿದವು, ಪ್ರಕಟವಾದವು ನಾವು ನಡೆಸಲಿಕ್ಕಾಗಿ ನಮಗೂ ನಮ್ಮ ಮಕ್ಕಳಿಗೂ ಸೇರಿದವು.

ಹೆಜ್ಜೆ 6: ಯೋಬನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ

ಒಂದು ಬೆರಳನ್ನು ಧರ್ಮೋಪದೇಶಕಾಂಡ 28:35ರಲ್ಲಿ ಇಡಿ, ಇನ್ನೊಂದನ್ನು ಯೋಬ 2:7ರಲ್ಲಿ. ಮೊದಲನೆಯದರಲ್ಲಿ ಅವಿಧೇಯರಿಗೆ ಅಂಗಾಲಿನಿಂದ ನೆತ್ತಿಯ ತನಕ ಕೆಟ್ಟ ಹುಣ್ಣು. ಎರಡನೆಯದರಲ್ಲಿ ಯೋಬನಿಗೆ ಅಂಗಾಲಿನಿಂದ ನೆತ್ತಿಯ ತನಕ ಕೆಟ್ಟ ಹುಣ್ಣು. ಹೀಬ್ರೂವಿನಲ್ಲೂ ಹೆಚ್ಚುಕಡಿಮೆ ಅದೇ ಪದಗಳು.

ಯೋಬನ ಮೈಮೇಲೆ ಇರುವುದು ಶಾಪದ ಅಧ್ಯಾಯದ ರೋಗವೇ. ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಅದನ್ನು ನೋಡಿ ಪಾಪ ಹುಡುಕಲು ಹೊರಟರು. ಅವರ ಕೈಯಲ್ಲಿ ವಚನದ ಆಧಾರವೇ ಇದ್ದ ಹಾಗಾಯಿತು. ಆದರೆ ಓದುವ ನಮಗೆ ಮೊದಲ ವಚನದಲ್ಲೇ ಹೇಳಿಬಿಟ್ಟಿದ್ದಾರೆ, ಯೋಬ ನಿರ್ದೋಷಿ ಅಂತ. ಕೊನೆಗೆ 42:7ರಲ್ಲಿ ದೇವರ ಕೋಪ ಈ ಮೂವರ ಮೇಲೆ ಬರುತ್ತದೆ. ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ದೇವರ ಪರವಾಗಿ ವಾದ ಮಾಡಿದವರಿಗೇ ಈ ಬೈಗುಳ! "ಪಾಪ ಮಾಡಿದರೆ ಕಷ್ಟ ಬರುತ್ತದೆ" ಅನ್ನುವುದು ಒಂದು ಮಾತು. "ಕಷ್ಟ ಬಂದಿದೆ, ಆದ್ದರಿಂದ ಪಾಪ ಮಾಡಿದ್ದಾನೆ" ಅನ್ನುವುದು ಬೇರೆಯೇ ಮಾತು. ಆ ಮೂವರು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿದರು.

ಹೊಸ ಒಡಂಬಡಿಕೆಯಲ್ಲೂ ಇದೇ ಪ್ರಶ್ನೆ ಏಳುತ್ತದೆ. ಯೋಹಾನ 9ರಲ್ಲಿ ಹುಟ್ಟು ಕುರುಡನನ್ನು ನೋಡಿ, ಪಾಪ ಮಾಡಿದವನು ಇವನೋ, ಇವನ ಹೆತ್ತವರೋ ಅಂತ ಶಿಷ್ಯರು ಕೇಳುತ್ತಾರೆ. ಯೇಸು ಎರಡೂ ಅಲ್ಲ ಅನ್ನುತ್ತಾನೆ. ಲೂಕ 13ರಲ್ಲಿ ಸಿಲೋವದ ಬುರುಜು ಬಿದ್ದು ಸತ್ತ 18 ಜನ ಯೆರೂಸಲೇಮಿನ ಉಳಿದವರಿಗಿಂತ ಪಾಪಿಗಳೇ ಅಂತ ಅವನೇ ಕೇಳಿ, ಅಲ್ಲ ಅನ್ನುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ, ನೀವು ತಿರುಗಿಕೊಳ್ಳದಿದ್ದರೆ ನೀವೂ ಹಾಗೆಯೇ ನಾಶವಾಗುತ್ತೀರಿ ಅಂತ ಸೇರಿಸುತ್ತಾನೆ. ಸತ್ತವರ ಮೇಲಿದ್ದ ಬೆರಳು ಕೇಳುತ್ತಾ ನಿಂತವರ ಕಡೆ ತಿರುಗಿತು. ಎಚ್ಚರಿಕೆ ಉಳಿಯಿತು, ಇನ್ನೊಬ್ಬರ ಲೆಕ್ಕ ಹೋಯಿತು.

ಹೆಜ್ಜೆ 7: "ವಂಶಶಾಪ"ದ ಮಾತು ಬಂದರೆ ಈ ವಚನಗಳನ್ನು ತೆರೆಯಿರಿ

ನಿಮ್ಮ ತಾತ ಮಾಡಿದ ಪಾಪ ಈಗ ಮಗುವಿನ ಮೇಲೆ ಬಂದಿದೆ ಅನ್ನುವವರು ಸಾಮಾನ್ಯವಾಗಿ ವಿಮೋಚನಕಾಂಡ 20:5 ತೋರಿಸುತ್ತಾರೆ. ಮೂರು ನಾಲ್ಕು ತಲೆಗಳ ಮಾತು ಅದು. ಅದನ್ನು 6ನೇ ವಚನದ ಜೊತೆ ಓದಿ. ಅಲ್ಲಿ ದಯೆ ಸಾವಿರ ತಲೆಗಳ ತನಕ ಹೋಗುತ್ತದೆ. ಆಮೇಲೆ ಧರ್ಮೋಪದೇಶಕಾಂಡದಲ್ಲೇ ಇರುವ 24:16 ಓದಿ: ಮಕ್ಕಳ ತಪ್ಪಿಗೆ ತಂದೆಗೆ, ತಂದೆಯ ತಪ್ಪಿಗೆ ಮಕ್ಕಳಿಗೆ ಮರಣಶಿಕ್ಷೆ ಇಲ್ಲ. ಯೆಹೆಜ್ಕೇಲ 18ರಲ್ಲಿ ಇನ್ನೂ ಖಡಕ್ಕಾಗಿ ಇದೆ. ಅಪ್ಪಂದಿರು ಹುಳಿದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತು ಅನ್ನುವ ಗಾದೆಯನ್ನು ಇನ್ನು ಮೇಲೆ ಇಸ್ರಾಯೇಲಿನಲ್ಲಿ ಯಾರೂ ಆಡಬಾರದು ಅಂತ ದೇವರೇ ಆಣೆ ಇಡುತ್ತಾನೆ. ಕ್ರೈಸ್ತರಿಗೆ ಇದರ ಮೇಲೆ ಗಲಾತ್ಯ 3:13 ಇದೆ. ಪೌಲ ಅಲ್ಲಿ ಧರ್ಮೋಪದೇಶಕಾಂಡದ ಶಾಪದ ಮಾತುಗಳನ್ನೇ ಎತ್ತಿಕೊಂಡು, ಕ್ರಿಸ್ತ ಆ ಶಾಪದಿಂದ ಬಿಡಿಸಿದ ಅನ್ನುತ್ತಾನೆ.

ಶಾಪ ಮುರಿಯಲು ವಿಶೇಷ ಪ್ರಾರ್ಥನೆ, ಅದಕ್ಕೆ ಇಷ್ಟು ಕಾಣಿಕೆ ಅಂತ ಯಾರಾದರೂ ಕೇಳಿದರೆ 30ನೇ ಅಧ್ಯಾಯವನ್ನು ತೋರಿಸಿ. ತಿರುಗಿಕೊಳ್ಳುವುದೊಂದೇ ಅಲ್ಲಿರುವ ದಾರಿ. ನಡುವೆ ಏಜೆಂಟ್ ಇಲ್ಲ, ರೇಟ್ ಇಲ್ಲ. 28ನೇ ಅಧ್ಯಾಯದ 27 ಮತ್ತು 28ನೇ ವಚನಗಳಲ್ಲಿ ಹುಣ್ಣು, ಬುದ್ಧಿಭ್ರಮೆ ಬರುತ್ತದೆ ಅಂತ ಹೇಳಿ ಮಾತ್ರೆ ನಿಲ್ಲಿಸಿ ಅನ್ನುವವರ ಮಾತನ್ನು ಖಂಡಿತ ಕೇಳಬೇಡಿ. ಭಯ ಬಿಡದೆ ಕಾಡುತ್ತಿದ್ದರೆ, ದಿನವಿಡೀ "ನಾನು ಶಪಿಸಲ್ಪಟ್ಟವಳು" ಅನ್ನಿಸುತ್ತಿದ್ದರೆ, ಈ ಅಧ್ಯಾಯವನ್ನು ಸ್ವಲ್ಪ ದಿನ ಬದಿಗಿಟ್ಟು ಮನೋವೈದ್ಯರನ್ನು ನೋಡಿ. ಬದಿಗಿಟ್ಟರೆ ದೇವರೇನೂ ಕೋಪ ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 8: "ಇಲ್ಲದಿದ್ದರೆ" ಎಲ್ಲಿದೆ ಅಂತ ಹುಡುಕಿ

ಪ್ರವಾದಿ ಯೋನ ಅಶ್ಶೂರದ ನಿನೆವೆ ಪಟ್ಟಣದಲ್ಲಿ ಕೂಗಿದ್ದು ಒಂದೇ ಸಾಲು: ಇನ್ನು 40 ದಿನಕ್ಕೆ ನಿನೆವೆ ನಾಶ. ತಿರುಗಿಕೊಂಡರೆ ಬಿಡುತ್ತೇನೆ ಅನ್ನುವ ಷರತ್ತು ಅದರಲ್ಲಿ ಇಲ್ಲ. ಆದರೂ ಜನ ಗೋಣಿತಟ್ಟು ಉಟ್ಟರು, ನಾಶ ಬರಲಿಲ್ಲ. ಯೋನನಿಗೆ ಸಿಟ್ಟು ಬಂತು. ಯೆರೆಮೀಯ 18:7ರಿಂದ 10ರಲ್ಲಿ ಇದರ ನಿಯಮವೇ ಸಿಗುತ್ತದೆ. ಕಿತ್ತುಹಾಕುತ್ತೇನೆ ಅಂತ ನಾನು ಹೇಳಿದ ಜನಾಂಗ ತಿರುಗಿಕೊಂಡರೆ ನಾನೂ ಮನಸ್ಸು ಬದಲಾಯಿಸುತ್ತೇನೆ. ಎಚ್ಚರಿಕೆ ಸುಳ್ಳಾಗಲಿ ಅಂತಲೇ ಎಚ್ಚರಿಕೆ ಕೊಡುವುದು. ಇದು ಯಾವಾಗಲೂ ನಡೆಯಿತು ಅಂತಲ್ಲ. ಯೋಷೀಯ ಅಷ್ಟೆಲ್ಲ ಮಾಡಿದರೂ ದೇವರ ಕೋಪ ತಣಿಯಲಿಲ್ಲ ಅಂತ 2 ಅರಸುಗಳು 23:26 ಹೇಳುತ್ತದೆ.

ಹೆಜ್ಜೆ 9: ನುಂಗಲಾಗದ್ದನ್ನು ನುಂಗಲಾಗದ್ದು ಅಂತಲೇ ಇಟ್ಟುಕೊಳ್ಳಿ

28:63ರಲ್ಲಿ, ನಿಮಗೆ ಒಳ್ಳೆಯದು ಮಾಡುವುದರಲ್ಲಿ ಸಂತೋಷಪಟ್ಟ ಹಾಗೆಯೇ ನಿಮ್ಮನ್ನು ನಾಶ ಮಾಡುವುದರಲ್ಲೂ ಯೆಹೋವ ಸಂತೋಷಪಡುತ್ತಾನೆ ಅಂತ ಇದೆ. ಇದಕ್ಕೆ ನನ್ನ ಹತ್ತಿರ ಸಿಹಿ ಲೇಪ ಇಲ್ಲ. ಪ್ರಲಾಪಗಳು 3:33 ಅವನು ಮನಃಪೂರ್ವಕವಾಗಿ ನರರನ್ನು ಬಾಧಿಸುವುದಿಲ್ಲ ಅನ್ನುತ್ತದೆ. ಯೆಹೆಜ್ಕೇಲ 33:11 ದುಷ್ಟನ ಸಾವಿನಲ್ಲಿ ನನಗೆ ಸಂತೋಷವಿಲ್ಲ ಅನ್ನುತ್ತದೆ. ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಳ್ಳಿ. ಜೋಡಿಸಲು ಅವಸರ ಬೇಡ. ಪ್ರಸಂಗದಲ್ಲಿ ಈ ವಚನವನ್ನು ಹಾರಿಸಿ ಹೋಗುವುದಕ್ಕಿಂತ, "ಇದು ನನಗೆ ಕಷ್ಟ" ಅಂತ ಜನರ ಮುಂದೆ ಹೇಳುವುದೇ ಮೇಲು.

ಯೆಹೂದ್ಯರು ಈ ಅಧ್ಯಾಯವನ್ನು ಹೇಗೆ ನಿಭಾಯಿಸಿದ್ದಾರೆ ಅನ್ನುವುದೂ ಗೊತ್ತಿರಲಿ. ಅವರು ಇದನ್ನು ಬಿಟ್ಟಿಲ್ಲ. ಪ್ರತಿ ವರ್ಷ, ಹೊಸ ವರ್ಷದ ಹಬ್ಬಕ್ಕೆ ಸ್ವಲ್ಪ ಮೊದಲು, ಸಭಾಮಂದಿರದಲ್ಲಿ ಓದುತ್ತಾರೆ. ಹಳೆಯ ವರ್ಷ ತನ್ನ ಶಾಪಗಳ ಜೊತೆ ಮುಗಿದುಹೋಗಲಿ ಅನ್ನುವ ಕಾರಣವನ್ನು ಅವರ ಧರ್ಮಗುರುಗಳ ಹಳೆಯ ಚರ್ಚೆಗಳ ಗ್ರಂಥವಾದ ತಾಲ್ಮೂದ್ ಕೊಡುತ್ತದೆ. ಬಹಳ ಕಡೆ ಶಾಪದ ಭಾಗ ಬಂದ ಕೂಡಲೇ ಓದುವವರು ದನಿ ತಗ್ಗಿಸಿ, ಬೇಗ ಬೇಗ ಓದುತ್ತಾರೆ. ಆ ಭಾಗ ಓದುವಾಗ ಮುಂದೆ ಬರಲು ಜನ ಹಿಂಜರಿಯುವುದರಿಂದ, ಎಷ್ಟೋ ಕಡೆ ಓದುವವರೇ ಆ ಸರದಿಯನ್ನೂ ತೆಗೆದುಕೊಳ್ಳುತ್ತಾರೆ. ನಮ್ಮ ಕೆಲವು ಕೂಟಗಳಲ್ಲಿ ಇದೇ ಭಾಗಕ್ಕೆ ಮೈಕ್ ಜೋರಾಗುತ್ತದೆ. ದನಿ ತಗ್ಗಿಸುವ ರೂಢಿ ನನಗೆ ಹೆಚ್ಚು ಸರಿ ಕಾಣುತ್ತದೆ.

ಹೆಜ್ಜೆ 10: ಇನ್ನೊಬ್ಬರಿಗೆ ಹೇಳುವ ಮೊದಲು

ಕಲಿಸುವವರು ಮೊದಲು ಎದುರಿಗೆ ಕೂತವರು ಯಾರು ಅಂತ ನೋಡಬೇಕು. ಜಮೀನು ಇರುವವರು, ಅಧಿಕಾರ ಇರುವವರು, ಸಭೆಯ ಲೆಕ್ಕಪತ್ರ ನೋಡುವವರು ಕೂತಿದ್ದರೆ 27ನೇ ಅಧ್ಯಾಯದ ಗಡಿಕಲ್ಲು, ಲಂಚ, ವಿಧವೆಯ ನ್ಯಾಯ ಇವನ್ನು ಧಾರಾಳವಾಗಿ ಎತ್ತಿ. ಸಾವಿನ ಮನೆಯಲ್ಲಿ, ಐಸಿಯು ಬಾಗಿಲಲ್ಲಿ, ಗರ್ಭಪಾತವಾದ ಹೆಣ್ಣುಮಗಳ ಪಕ್ಕದಲ್ಲಿ ಈ ಅಧ್ಯಾಯ ತೆರೆಯಬೇಡಿ. ಅಲ್ಲಿ ಯಾರಾದರೂ ತೆರೆದರೆ ಮೆಲ್ಲಗೆ, "ಅಕ್ಕಾ, ಈಗ ಅದು ಬೇಡ" ಅನ್ನಿ. ಮಕ್ಕಳ ಸಂಡೇ ಸ್ಕೂಲಿಗೆ 30:19 ಸಾಕು, ಜೀವವನ್ನು ಆರಿಸಿಕೊಳ್ಳಿ ಅನ್ನುವ ಮಾತು. ಮುತ್ತಿಗೆಯ ವಚನಗಳು ದೊಡ್ಡವರಿಗೆ.

ಈ ಹೆಜ್ಜೆಗಳನ್ನು ಬೇರೆ ಕಡೆ ಪ್ರಯೋಗ ಮಾಡಬೇಕಾದರೆ ಯಾಜಕಕಾಂಡ 26ರಿಂದ ಶುರು ಮಾಡಬಹುದು, ಅದು ಇದರ ಅಕ್ಕತಂಗಿ ಅಧ್ಯಾಯ. ಅಲ್ಲಿಂದ ಪ್ರವಾದಿ ಆಮೋಸನ ಪುಸ್ತಕಕ್ಕೆ ಹೋಗಿ. ಮೊದಲೆರಡು ಅಧ್ಯಾಯ ಓದುವಾಗ ಅವನು ಹೇಳುವ ಊರು, ನಾಡುಗಳ ಪಟ್ಟಿ ಮಾಡಿಕೊಳ್ಳಿ: ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್, ಯೆಹೂದ. ನೆರೆಯವರ ಪಾಪಗಳು ಒಂದೊಂದಾಗಿ ಬಂದಂತೆಲ್ಲ ಕೇಳುತ್ತಿದ್ದ ಇಸ್ರಾಯೇಲಿನವರು ಹೌದು ಹೌದು ಅಂತ ತಲೆ ಆಡಿಸಿರಬೇಕು. ಎಂಟನೇ ಹೆಸರು ಅವರದೇ.